ಕಾರ್ಖಾನೆಯ ಹೆಬ್ಬೆಟ್ಟು ಎಲ್ಲಿದೆ ಸ್ವಾಮಿ?

ಭದ್ರಾವತಿಗೆ ಬಂದು ಭಾಷಣ ಮಾಡಿ ಹೋಗಿರುವ, ಮುಂದೆಯೂ ಬರಲಿರುವ ಸಕಲ ಪಕ್ಷಗಳ ಸಮಸ್ತ ಮಾನ್ಯರಲ್ಲಿ ಒಬ್ಬ ನಿವೃತ್ತ ಕಾರ್ಮಿಕನ ವಿಜ್ಞಾಪನೆ.

ಉಭಯ ಕುಶಲೋಪರಿ. ಉಭಯರಲ್ಲಿ ನಿಮ್ಮ ಕುಶಲ ಖಚಿತ, ನನ್ನದು ಇನ್ನೂ ಪರಿಶೀಲನೆಯಲ್ಲಿದೆ. ಇವತ್ತು ಬೆಳಗ್ಗೆ ಹೋದವನು ಊಟದ ಹೊತ್ತು ಮೀರುವವರೆಗೂ ಒಂದು ಕೌಂಟರಿನ ಮುಂದೆ ನಿಂತೆ. ನಾನು ಬದುಕಿದ್ದೇನೆ ಎಂದು ಸಾಬೀತು ಮಾಡಲು ಆಗಲಿಲ್ಲ.

ಪಿಂಚಣಿ ಬೇಕಾದರೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ಯಂತ್ರದ ಮೇಲೆ ಬೆರಳಿಟ್ಟರೆ ಅದು ಆಧಾರ್ ಜೊತೆ ತಾಳೆ ನೋಡಿ ನಮ್ಮ ಜೀವವನ್ನು ಒಪ್ಪಿಕೊಳ್ಳುತ್ತದೆ. ನನ್ನ ಬೆರಳಲ್ಲಿ ಗೆರೆಗಳೇ ಉಳಿದಿಲ್ಲ. ಮೂವತ್ತು ಚಿಲ್ಲರೆ ವರ್ಷ ಸರಳು, ಇಕ್ಕಳ, ಗ್ರೀಸು ಮುಟ್ಟಿದ ಕೈ ಇದು. ಗೆರೆಗಳನ್ನೆಲ್ಲ ಬಾರ್ ಮಿಲ್ಲಿನಲ್ಲೇ ಬಿಟ್ಟು ಬಂದಿದ್ದೇನೆ. ಕೌಂಟರಿನ ಹುಡುಗ ಒಳ್ಳೆಯವನು. "ತಾತ, ಇನ್ನೊಂದು ಬೆರಳು ಇಡಿ" ಎಂದ. ಹತ್ತೂ ಇಟ್ಟೆ. ಒರೆಸಿ ಇಟ್ಟೆ, ಒದ್ದೆ ಮಾಡಿ ಇಟ್ಟೆ, ತಲೆಗೆ ಹಚ್ಚಿದ್ದ ಎಣ್ಣೆಯನ್ನೇ ಸವರಿ ಇಟ್ಟೆ. ಆಮೇಲೆ ಮೊಬೈಲನ್ನು ಮುಖಕ್ಕೆ ಹಿಡಿದು "ಕಣ್ಣು ಮಿಟುಕಿಸಿ" ಎಂದ. ಪೊರೆ ತೆಗೆಸಿಕೊಂಡ ಕಣ್ಣು ಯಾರೋ ಹೇಳಿದಾಗ ಮಿಟುಕುತ್ತದೆಯೇ? ಅದರ ಮರ್ಜಿ ಅದಕ್ಕೆ. ಅಷ್ಟರಲ್ಲಿ ಸರ್ವರ್ರೇ ಹೋಯಿತು. ನನ್ನ ಹಿಂದೆ ನಿಂತಿದ್ದ, ಪೇಪರ್ ಮಿಲ್ಲಿನಿಂದ ಹೊರಬಿದ್ದವರೊಬ್ಬರು, "ಸತ್ತ ಸರ್ಟಿಫಿಕೇಟಾಗಿದ್ದಿದ್ರೆ ಇಷ್ಟು ಹೊತ್ತಿಗೆ ಕೈಗೆ ಸಿಕ್ಕಿರೋದು ಕಣ್ರೀ" ಎಂದರು.

ಇಷ್ಟೆಲ್ಲ ತಿಂಗಳಿಗೆ ಎರಡು ಸಾವಿರ ಚಿಲ್ಲರೆಗೆ. ಭವಿಷ್ಯ ನಿಧಿಯ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿಯನ್ನು 2014ರಲ್ಲಿ 1,000 ರೂಪಾಯಿ ಎಂದು ಗೊತ್ತು ಮಾಡಿದರು. ಆ ಲೆಕ್ಕದಲ್ಲಿ ನಾನು ಸಾಹುಕಾರ, ದೂರುವಂತಿಲ್ಲ.

ಇರಲಿ. ಸತ್ತವರ ಹೆಸರಲ್ಲಿ ದುಡ್ಡು ಹೋಗಬಾರದು, ಒಪ್ಪಿದೆ. ನನ್ನ ತಕರಾರು ಬೇರೆ. ನಮ್ಮೂರ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಬದುಕಿದೆ, ಬದುಕುತ್ತದೆ, ಬದುಕಿಸುತ್ತೇವೆ ಎಂದು ಪ್ರತಿ ಚುನಾವಣೆಗೂ ಹೇಳಿ ಹೋಗುತ್ತೀರಲ್ಲ, ಆ ಕಾರ್ಖಾನೆಯ ಹೆಬ್ಬೆಟ್ಟನ್ನು ಯಾವ ಯಂತ್ರದ ಮೇಲೆ ಒತ್ತಿಸಿದಿರಿ?

ಹೊಸಬರಿಗೆ ಗೊತ್ತಿರಲಿಕ್ಕಿಲ್ಲ, ಅದರ ಜಾತಕ ಹೇಳಿಬಿಡುತ್ತೇನೆ. ಸರ್ ಎಂ. ವಿಶ್ವೇಶ್ವರಯ್ಯ ಹಟ ಹಿಡಿದು 1918ರಲ್ಲಿ ಶುರು ಮಾಡಿಸಿದ್ದು. 1923ರಲ್ಲಿ ಕುಲುಮೆಯಿಂದ ಕಬ್ಬಿಣ ಇಳಿಯಿತು. ಅದಿರು ಬಾಬಾಬುಡನ್ ಗಿರಿಸಾಲಿನ ಕೆಮ್ಮಣ್ಣುಗುಂಡಿಯದು. ಬೆಟ್ಟದ ತಲೆಯಿಂದ ತಣಿಗೆಬೈಲಿಗೆ ರೋಪ್‌ವೇ ತೊಟ್ಟಿಗಳಲ್ಲಿ ತೂಗಾಡುತ್ತಾ ಇಳಿದು, ಅಲ್ಲಿಂದ ಟ್ರಾಮ್ ಹಳಿ ಹಿಡಿದು ಊರಿಗೆ ಬರುತ್ತಿತ್ತು. ಸುಣ್ಣಕಲ್ಲು ಭಂಡಿಗುಡ್ಡದ್ದು. ಇದ್ದಿಲು ನಮ್ಮ ಮಲೆನಾಡಿನ ಕಾಡಿನದು. ಎಷ್ಟು ಮರ ಉರಿದವು ಎಂದು ಆಗ ಯಾರೂ ಕೇಳಲಿಲ್ಲ, ಈಗ ಕೇಳಿದರೆ ಮರ ವಾಪಸ್ ಬರುವುದಿಲ್ಲ. ಬೆಟ್ಟ, ಕಾಡು, ಹೊಳೆ ಮೂರನ್ನೂ ಕೊಟ್ಟು ಮಲೆನಾಡಿನ ಬಾಗಿಲಲ್ಲಿ ಒಂದು ಕಾರ್ಖಾನೆ ಊರು ಎದ್ದಿತು. ತಮಿಳರು, ತೆಲುಗರು, ಉರ್ದು ಮಾತಾಡುವವರು ಎಲ್ಲರೂ ಬಂದರು. ಸೈರನ್ ಕೂಗಿದರೆ ಎಲ್ಲರಿಗೂ ಒಂದೇ ಭಾಷೆ. ಕಾಯಂ ಕಾರ್ಮಿಕರೇ ಹತ್ತು ಸಾವಿರ ದಾಟಿದ್ದ ಕಾಲವಿತ್ತು.

1989ರಲ್ಲಿ ರಾಜ್ಯ ಸರ್ಕಾರ ನಮ್ಮನ್ನು ಕೇಂದ್ರದ ಉಕ್ಕು ಪ್ರಾಧಿಕಾರಕ್ಕೆ ಒಪ್ಪಿಸಿತು, 1998ರಲ್ಲಿ ವಿಲೀನವೂ ಆಯಿತು. ದೊಡ್ಡ ಮನೆಗೆ ಹೋದೆವು ಎಂದು ಸಿಹಿ ಹಂಚಿದವರನ್ನು ಕಂಡಿದ್ದೇನೆ. ಆ ದೊಡ್ಡ ಮನೆಗೆ ಜಾರ್ಖಂಡ್, ಒಡಿಶಾ, ಛತ್ತೀಸ್‌ಗಢದಲ್ಲಿ ಸ್ವಂತ ಗಣಿಗಳಿವೆ. ನಮ್ಮ ಪಾಲಿನ ಕೆಮ್ಮಣ್ಣುಗುಂಡಿ ಗಣಿ ಮುಚ್ಚಿತು. ಈಗ ಅಲ್ಲಿಗೆ ಹೋದವರು ಹೂದೋಟ, ಮಂಜು, ಝಡ್ ಪಾಯಿಂಟ್ ನೋಡಿಕೊಂಡು ಬರುತ್ತಾರೆ. ಸ್ವಂತ ಗಣಿ ಇಲ್ಲದ ಉಕ್ಕಿನ ಕಾರ್ಖಾನೆ ಅದಿರನ್ನು ಪೇಟೆ ರೇಟಿಗೆ ಕೊಳ್ಳಬೇಕು, ದೂರದಿಂದ ಬಾಡಿಗೆ ಕೊಟ್ಟು ತರಿಸಬೇಕು, ಹಳೆಯ ಸಣ್ಣ ಕುಲುಮೆಯಲ್ಲಿ ಕರಗಿಸಬೇಕು. ಟನ್ನಿಗೊಂದಿಷ್ಟು ನಷ್ಟವಾಗದೆ ಇನ್ನೇನಾಗುತ್ತದೆ? ನಷ್ಟವಿದೆ, ಆದ್ದರಿಂದ ಬಂಡವಾಳ ಹಾಕುವುದಿಲ್ಲ ಎಂದಿರಿ. ಬಂಡವಾಳ ಹಾಕಲಿಲ್ಲ, ಆದ್ದರಿಂದ ನಷ್ಟ ಬೆಳೆಯಿತು. ಈ ಎರಡು ವಾಕ್ಯಗಳನ್ನು ಹಿಂದೆ ಮುಂದೆ ಓದುತ್ತಾ ಇಪ್ಪತ್ತು ವರ್ಷ ಕಳೆದಿರಿ.

ಆಮೇಲಿನದು ಕೇಳಿ. 2016ರಲ್ಲಿ ಮಾರಾಟದ ಪಟ್ಟಿಗೆ ಸೇರಿಸಿದಿರಿ. 2018ರಲ್ಲಿ ಅದಕ್ಕೆ ನೂರು ತುಂಬಿತು. ಶತಾಯುಷಿ ಪಟ್ಟಿಯಲ್ಲೇ ಮಲಗಿತ್ತು. 2019ರಲ್ಲಿ ಕೊಳ್ಳುವವರು ಯಾರಾದರೂ ಇದ್ದೀರಾ ಎಂದು ಕರೆದಿರಿ. ಗಣಿ ಇಲ್ಲದ ಕುಲುಮೆಯನ್ನು ಯಾರು ಕೊಳ್ಳುತ್ತಾರೆ? 2022ರಲ್ಲಿ ಮಾರಾಟ ಕೈಬಿಟ್ಟಿರಿ. ಉಸಿರು ಬಿಡುವಷ್ಟರಲ್ಲಿ, 2023ರ ಜನವರಿಯಲ್ಲಿ, ಮುಚ್ಚುತ್ತೇವೆ ಎಂಬ ನಿರ್ಧಾರ. ಮರು ತಿಂಗಳು, ಫೆಬ್ರವರಿ 27ಕ್ಕೆ, ಪಕ್ಕದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ. ನಿಲ್ದಾಣದ ಮೇಲೆ ನನಗೆ ಸಿಟ್ಟಿಲ್ಲ. ನೀವು ಬೇಗ ಬಂದು ಬೇಗ ಹೋಗಲು ಅನುಕೂಲವೇ ಆಯಿತು.

ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಊರೇ ಹಿಂದೆ ನಿಂತಿತು. ನೀವು ಬೆದರಿ ಕಾರ್ಖಾನೆಗೂ "ಕಣ್ಣು ಮಿಟುಕಿಸು" ಎಂದಿರಿ. ಆಗಸ್ಟಿನಲ್ಲಿ ಅದು ಮಿಟುಕಿಸಿಯೇಬಿಟ್ಟಿತು! ಬೇರೆ ಕಾರ್ಖಾನೆಯ ಉಕ್ಕಿನ ಗಟ್ಟಿಗಳನ್ನು ತರಿಸಿ ಬಾರ್ ಮಿಲ್ಲಿನಲ್ಲಿ ಉರುಳಿಸಿದಿರಿ. ಫೋಟೊ ಬಂತು, ಪಟಾಕಿ ಹಾರಿತು. ಊದುಕುಲುಮೆ ಮಾತ್ರ ತಣ್ಣಗೇ ಇತ್ತು. ನನಗೆ ಹತ್ತು ಬೆರಳಿಟ್ಟರೂ ಸಿಗದ ಜೀವಂತ ಪ್ರಮಾಣಪತ್ರ ಕಾರ್ಖಾನೆಗೆ ಒಂದೇ ಮಿಟುಕಿಗೆ ಸಿಕ್ಕಿತು. 2024ರಲ್ಲಿ ನಮ್ಮ ರಾಜ್ಯದವರೇ ಉಕ್ಕು ಸಚಿವರಾದರು, ಖುದ್ದಾಗಿ ಬಂದು ನೋಡಿದರು, ಸಾವಿರಾರು ಕೋಟಿಯ ಮಾತಾಯಿತು. ಪುನಶ್ಚೇತನ ಎಂಬುದನ್ನು ನಮ್ಮ ಮೊಮ್ಮಕ್ಕಳು ಈಗ ಕಾಗುಣಿತ ತಪ್ಪಿಲ್ಲದೆ ಬರೆಯುತ್ತಾರೆ.

ನಮ್ಮೂರ ಇನ್ನೊಂದು ಕಾರ್ಖಾನೆ, ಪೇಪರ್ ಮಿಲ್ಲಿನ ಕತೆ ಹೇಳುವುದು ಬೇಡ ಅಂದುಕೊಂಡಿದ್ದೆ. 1936ರಲ್ಲಿ ಹುಟ್ಟಿ, 2015ರ ಸುಮಾರಿಗೆ ಕೆಲಸ ನಿಲ್ಲಿಸಿತು. ಅದು ರಾಜ್ಯ ಸರ್ಕಾರದ್ದು, ಹಾಗಾಗಿ ಕೇಂದ್ರವನ್ನು ಬೈಯುವ ಪಕ್ಷದವರು ದಯವಿಟ್ಟು ನಗಬೇಡಿ. ಉಕ್ಕಿನ ಕಾರ್ಖಾನೆ ಕಾಗದದ ಮೇಲಾದರೂ ಬದುಕಿದೆ; ಕಾಗದದ ಕಾರ್ಖಾನೆ ಕಾಗದದ ಮೇಲೂ ಬದುಕಿಲ್ಲ.

ವ್ಯಂಗ್ಯ ಸಾಕು, ನನಗೂ ವಯಸ್ಸಾಯಿತು. ದೇಶದ ಊರುಗಳೆಲ್ಲ ಉಬ್ಬುತ್ತಿದ್ದಾಗ 2001ರಿಂದ 2011ಕ್ಕೆ ಭದ್ರಾವತಿಯ ಜನಸಂಖ್ಯೆ ಇಳಿಯಿತು. ಒಂದು ಲಕ್ಷ ಅರವತ್ತು ಸಾವಿರ ಇದ್ದದ್ದು ಒಂದೂವರೆ ಲಕ್ಷದ ಹತ್ತಿರ ಬಂತು. ಆ ಜನ ಎಲ್ಲಿ ಹೋದರು ಎಂದು ನೋಡಬೇಕಾದರೆ ರಾತ್ರಿ ಬೆಂಗಳೂರಿನ ಬಸ್ಸು ಹತ್ತಿ. ಪೀಣ್ಯದ ಶೆಡ್ಡುಗಳಲ್ಲಿ ನಮ್ಮೂರ ಹುಡುಗರು ನಿಂತಿದ್ದಾರೆ, ರೈಲಿನ ಅಚ್ಚು, ಸೇನೆಗೆ ಬೇಕಾದ ಉಕ್ಕು ಮಾಡಿದವರ ಮಕ್ಕಳು. ಇಲ್ಲೇ ಉಳಿದ ಗುತ್ತಿಗೆ ಕಾರ್ಮಿಕರಿಗೆ ತಿಂಗಳಲ್ಲಿ ಅರ್ಧದಷ್ಟು ದಿನ ಕೆಲಸ ಸಿಕ್ಕರೆ ಹೆಚ್ಚು. ಅರ್ಧ ತಿಂಗಳ ಸಂಬಳಕ್ಕೆ ಅಂಗಡಿಯವನು ಅರ್ಧ ರೇಟಿಗೆ ಅಕ್ಕಿ ಕೊಡುತ್ತಾನೆಯೇ? ಶಾಲೆಯವರು ಅರ್ಧ ಫೀಸು ತಗೊಳ್ಳುತ್ತಾರೆಯೇ? ಇವರಿಗೆ ನಿಮ್ಮಲ್ಲಿ ಒಬ್ಬರೂ ಸುಳ್ಳು ಹೇಳಿಲ್ಲ ಎಂದು ಎದೆ ಮುಟ್ಟಿ ಹೇಳಿ. ಮುಚ್ಚುವುದಕ್ಕಿಂತ ಕೆಟ್ಟದ್ದು ನೀವು ಮಾಡಿದ್ದು: ಮುಚ್ಚದೆ, ತೆರೆಯದೆ, ಅವರ ಪ್ರಾಯವನ್ನು ಕಾಯುವುದರಲ್ಲಿ ಕಳೆದಿರಿ.

ಸೆಪ್ಟೆಂಬರ್ 15ರ ಜಯಂತಿಗೆ ಮತ್ತೆ ಬರುತ್ತೀರಿ, ವಿಶ್ವೇಶ್ವರಯ್ಯನವರ ಪ್ರತಿಮೆಗೆ ಹಾರ ಹಾಕುತ್ತೀರಿ. ಈ ಸಲ ಹಾರದ ಜೊತೆ ಗಣಿಯ ಆದೇಶವನ್ನೂ, ಹಣ ಮಂಜೂರಾದ ಪತ್ರವನ್ನೂ ತನ್ನಿ. ತಾರೀಖು ಇರಲಿ, ಸಹಿ ಇರಲಿ. ತರಲು ಆಗದಿದ್ದರೆ ಧರಣಿ ಕೂತವರನ್ನು ಕರೆದು, ಬಾಕಿ ಚುಕ್ತಾ ಮಾಡಿ, ಇದು ಇನ್ನು ಆಗುವುದಿಲ್ಲ ಎಂದು ನೇರವಾಗಿ ಹೇಳಿಬಿಡಿ. ಅವರಲ್ಲಿ ಎಷ್ಟೋ ಜನರಿಗೆ ಇನ್ನೂ ನಲವತ್ತಾಗಿಲ್ಲ. ಬೇರೆ ಕೆಲಸ ಕಲಿಯುವ ವಯಸ್ಸಿದೆ.

ಇತಿ,
ಹುತ್ತಾ ಕಾಲೋನಿಯ ಒಬ್ಬ ನಿವೃತ್ತ ಕಾರ್ಮಿಕ