ಕರರಕ್ಷಾ ಪ್ರಕರಣ

ಕಲಬುರಗಿ ಸೀಮೆಯ ಬಿಸಿಲಿಗೆ ಸರಕಾರದ ಮನ್ನಣೆಯುಂಟು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಭಾಗದ ಕಚೇರಿಗಳು ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚತಕ್ಕದ್ದೆಂದು ಆದೇಶ ಹೊರಡುವ ವಾಡಿಕೆಯೂ, ಬೇರಾವ ಆದೇಶಕ್ಕೂ ದೊರೆಯದ ವಿಧೇಯತೆಯಿಂದ ಗುಮಾಸ್ತರಾದಿಯಾಗಿ ಸಕಲರೂ ಅದನ್ನು ಶಿರಸಾವಹಿಸುವ ಸಂಭ್ರಮವೂ ಸರ್ವವಿದಿತ. ಚಳಿಗೆ ಆ ಭಾಗ್ಯವಿಲ್ಲ. ಮಾರ್ಗಶಿರ ಪುಷ್ಯಗಳಲ್ಲಿ, ಮೋಡದ ಹೊದಿಕೆಯಿಲ್ಲದ ಆಕಾಶದ ಕೆಳಗೆ, ಹಗಲೆಲ್ಲ ಗಳಿಸಿದ ಶಾಖವನ್ನು ರಾತ್ರಿಯೆಲ್ಲ ದಾನಮಾಡಿ ಬರಿಗೈಯಾಗುವ ಈ ಒಣ ನೆಲದ ಮೇಲೆ, ನಸುಕಿನ ಉಷ್ಣಮಾನವು 10 ಡಿಗ್ರಿಯ ಆಸುಪಾಸಿಗೆ ಇಳಿದಿರುವಾಗಲೂ, "ನಮ್ಮ ಕಡಿ ಎಲ್ಲಿ ಥಂಡಿ ಅದರೀ? ಥಂಡಿ ಅಂದ್ರ ಬೀದರದಾಗ ನೋಡ್ಬೇಕ್ರಿ" ಎಂದು ಹಲ್ಲು ಕಟಕಟಿಸುತ್ತಲೇ ನುಡಿಯುವ ಮಹನೀಯರು ಚಿಂಚೋಳಿಯ ಯಾವ ಚಹಾದಂಗಡಿಯ ಮುಂದಾದರೂ ಕಾಣಸಿಗುವರು.

ಇಂಥ ಊರಿನಲ್ಲಿ ಮೋಟಾರು ಸೈಕಲ್ಲಿನ ಸವಾರನು ಬೆಚ್ಚನೆಯ ಕೈಗವಸು ಬೇಕೆಂದು ಬಹಿರಂಗವಾಗಿ ಕೇಳುವುದಕ್ಕೆ ಅಸಾಮಾನ್ಯ ಧೈರ್ಯ ಬೇಕು. ನನ್ನಲ್ಲಿ ಆ ಧೈರ್ಯವನ್ನು ಹುಟ್ಟಿಸಿದುದು ರೈಲು. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಹಳಿಯು ನಿಜಾಮರ ಆಳ್ವಿಕೆಯಲ್ಲಿ, 1874ರಷ್ಟು ಹಿಂದೆಯೇ ತೆರೆಯಿತಾದರೂ, ಅದು ಸೇಡಂ, ತಾಂಡೂರುಗಳನ್ನು ಮುಟ್ಟಿ ನಮ್ಮೂರಿಗೆ ದೂರದಿಂದಲೇ ಕೈಮುಗಿದು ಹೊರಟುಹೋದ ಕಾರಣ, ಬೆಳಗಿನ ರೈಲು ಹಿಡಿಯಬೇಕಾದ ಚಿಂಚೋಳಿಯವನು ಕೋಳಿ ಕೂಗುವ ಮುನ್ನವೇ ಸುಲೇಪೇಟದ ಮಾರ್ಗವಾಗಿ ಸೇಡಂ ಕಡೆಗೆ ತನ್ನ ಗಾಡಿಯನ್ನು ಓಡಿಸಲೇಬೇಕು. ದಾರಿಯ ಇಕ್ಕೆಲಗಳಲ್ಲಿ ಕೊಯ್ಲಿಗೆ ಬಂದ ತೊಗರಿ ನಿಂತಿರುತ್ತದೆ. 2019ರಲ್ಲಿ ಭೌಗೋಳಿಕ ಗುರುತಿನ ಗೌರವ ಪಡೆದ ಆ ಬೆಳೆಯ ಚೆಲುವನ್ನು ಆಸ್ವಾದಿಸುವ ಸ್ಥಿತಿಯಲ್ಲಿ ಸವಾರನಿರುವುದಿಲ್ಲ. ತಗ್ಗಿನಲ್ಲಿ ಹಳ್ಳದ ಸೇತುವೆ ಬಂದಿತೆಂದರೆ, ರಾತ್ರಿಯಿಡೀ ಅಲ್ಲಿ ಇಳಿದು ಮಡುಗಟ್ಟಿದ ತಣ್ಣನೆಯ ಗಾಳಿಯು ಹೊಂಚಿ ಕುಳಿತ ಕಳ್ಳನಂತೆ ಬೆರಳುಗಳ ಮೇಲೆ ಬೀಳುತ್ತದೆ. ಮೊದಲು ಬ್ರೇಕಿನ ಮೇಲಿರಿಸಿದ ಎರಡು ಬೆರಳುಗಳು, ಅನಂತರ ಹೆಬ್ಬೆರಳು, ಕಟ್ಟಕಡೆಗೆ ವಿವೇಕ, ಈ ಕ್ರಮದಲ್ಲಿ ಎಲ್ಲವೂ ಮರಗಟ್ಟುತ್ತವೆ.

ಇದು ಸುಕುಮಾರ ಶರೀರದ ಅತಿಶಯೋಕ್ತಿಯಲ್ಲ, ಶಾಸ್ತ್ರಸಮ್ಮತವಾದ ವಿಚಾರ. ಪಾಲ್ ಸೈಪಲ್, ಚಾರ್ಲ್ಸ್ ಪ್ಯಾಸೆಲ್ ಎಂಬ ಇಬ್ಬರು ಅಮೆರಿಕನ್ನರು ಅಂಟಾರ್ಕ್ಟಿಕಾದ ಹಿಮದಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಕೊಳವೆಯನ್ನು ಗಾಳಿಗೊಡ್ಡಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುವುದೆಂದು ಅಳೆದು, ತಮ್ಮ ಲೆಕ್ಕವನ್ನು 1945ರಲ್ಲಿ ಪ್ರಕಟಿಸಿದರು. 2001ರಲ್ಲಿ ಅಮೆರಿಕ, ಕೆನಡಾಗಳು ತಿದ್ದಿಕೊಂಡ ಸೂತ್ರದ ಪ್ರಕಾರ, 10 ಡಿಗ್ರಿಯ ಹವೆಯು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ತಾಗಿದಾಗ ಚರ್ಮಕ್ಕೆ ಅದು 5 ಡಿಗ್ರಿಯೇ ಸರಿ. ದೇಹವಾದರೋ, ಚಳಿ ಹೆಚ್ಚಿದೊಡನೆ ಬೆರಳಿನ ರಕ್ತನಾಳಗಳನ್ನು ಸಂಕೋಚಗೊಳಿಸಿ ಒಡಲಿನ ಶಾಖವನ್ನು ಉಳಿಸಿಕೊಳ್ಳುತ್ತದೆ. ಹೃದಯ, ಉದರಗಳ ಹಿತಕ್ಕಾಗಿ ಬೆರಳುಗಳನ್ನು ಬಲಿಗೊಡುವ ಈ ರಾಜನೀತಿಯಲ್ಲಿ ಬೆರಳುಗಳ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಅಂಗಡಿಯವನು ಗೂಟದಿಂದ ಮೊದಲು ಇಳಿಸಿದ್ದು ಉಣ್ಣೆಯ ಜೋಡಿ. ಕೈಗೆ ಹಾಕಿದೊಡನೆ ಸ್ವರ್ಗಸುಖ. ಆದರೆ ಹೆಣಿಗೆಯ ಒಂದೊಂದು ಕಣ್ಣೂ ಗಾಳಿಗೆ ಹೆಬ್ಬಾಗಿಲಾದುದರಿಂದ, ಅದು ಚಹಾ ಕುಡಿಯುವವನಿಗೆ ಯೋಗ್ಯವೇ ಹೊರತು ಗಾಡಿ ಓಡಿಸುವವನಿಗಲ್ಲ. ಎರಡನೆಯದು ಗೆಣ್ಣುಗಳ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಹೊತ್ತು, ಅಂಗೈಯಲ್ಲಿ ರೆಕ್ಸಿನ್ ಬಳಿದುಕೊಂಡು, ನೋಟಕ್ಕೆ ಸಾಕ್ಷಾತ್ ದುರ್ಯೋಧನನಾಗಿದ್ದರೂ ಒಳಗೆ ಅಸ್ತರಿಯೇ ಇರಲಿಲ್ಲ. "ಇದು ಫುಲ್ ಗರಂ ಅದ ನೋಡ್ರಿ ಸರ್" ಎಂದು ಆತನು ಮೂರನೆಯದನ್ನು ಮುಂದಿಟ್ಟನು: ಹೊರಗೆ ಆಡಿನ ತೊಗಲು, ಒಳಗೆ ಮೆತ್ತನೆಯ ಅಸ್ತರಿ, ಮಣಿಕಟ್ಟಿಗೆ ಬಿಗಿಯುವ ಪಟ್ಟಿ. ಬೆಲೆ ಕೇಳಿದ ಕ್ಷಣದಲ್ಲಿ ನನಗೂ ಚಿಂಚೋಳಿಯಲ್ಲಿ ಅಂಥ ಚಳಿಯೇನೂ ಇಲ್ಲವೆಂಬ ಅನುಮಾನ ಮೂಡಿತು.

ಕೈಗವಸನ್ನು ಕೌಂಟರಿನ ಮೇಲೆ ಅಂಗೈ ಚಾಚಿ ಪರೀಕ್ಷಿಸುವವರೇ ಬಹಳ. ಸವಾರನು ದಾರಿಯುದ್ದಕ್ಕೂ ಅಂಗೈ ಚಾಚಿರುವುದಿಲ್ಲವಾದ್ದರಿಂದ, ನಾನು ಜೋಡಿಯನ್ನು ತೊಟ್ಟು ಹೊರಗಡೆ ನಿಲ್ಲಿಸಿದ್ದ ನನ್ನ ಗಾಡಿಯ ಹ್ಯಾಂಡಲ್ಲನ್ನು ಹಿಡಿದು, ಕ್ಲಚ್ಚನ್ನು ಒತ್ತಿಬಿಟ್ಟು, ದೀಪದ ಗುಂಡಿಯನ್ನು ಹೆಬ್ಬೆರಳಿನಿಂದ ತಡಕಾಡಿದೆನು. ಮುಷ್ಟಿ ಕಟ್ಟಿದೊಡನೆ ಬೆರಳತುದಿಯ ಹೊಲಿಗೆಯು ಉಗುರನ್ನು ಒತ್ತಿತೆಂದರೆ ಆ ಅಳತೆ ನಿಮ್ಮದಲ್ಲ: ಬಿಗಿದ ಗವಸಿನಲ್ಲಿ ಬೆಚ್ಚನೆಯ ಗಾಳಿಗೆ ಎಡೆಯಿಲ್ಲ, ರಕ್ತಕ್ಕೂ ದಾರಿಯಿಲ್ಲ. ಇನ್ನು ಕಳಚುವ ಪರೀಕ್ಷೆ. ಬೆವರಿದ ಕೈಯನ್ನು ಎಳೆದಾಗ ಬೆರಳುಗಳ ಅಸ್ತರಿಯೂ ಜತೆಯಲ್ಲೇ ಹೊರಬಂದು ಕರುಳಿನಂತೆ ಜೋತುಬೀಳುವ ಗವಸುಗಳುಂಟು. ಅದನ್ನು ಐದು ಬೆರಳುಗಳಿಗೂ ಮರಳಿ ತುರುಕುವಷ್ಟರಲ್ಲಿ ರೈಲು ಮಳಖೇಡವನ್ನು ದಾಟಿರುತ್ತದೆ. ನನ್ನ ಈ ಪರಿಶೋಧನೆಯನ್ನು ನೋಡಲು ಬೀದಿಯಲ್ಲಿ ನಾಲ್ಕಾರು ಜನ ನೆರೆದಿದ್ದರು. "ಯಾಕ್ರೀ ಮಾಸ್ತರ್ರ, ಕಾಶ್ಮೀರಕ್ಕ ಹೊಂಟೀರೇನು?" ಎಂದೊಬ್ಬರು ವಿಚಾರಿಸಿದರು.

ಹಾಲಿನ ಕ್ಯಾನುಗಳನ್ನು ಎರಡೂ ಬದಿಗೆ ತೂಗುಹಾಕಿಕೊಂಡು ನಿತ್ಯವೂ ನಸುಕಿನಲ್ಲಿ ಬರುವ ನಮ್ಮ ಹಾಲಿನವನು ಮಾತ್ರ ನಗಲಿಲ್ಲ. ಅವನು ಗವಸುಗಳನ್ನು ಮುಟ್ಟಿ, ಮಡಚಿ, ಮೂಸಿ, "ಛಲೋ ಅವ. ನನಗೇನ್ ಬೇಡ್ರಿ, ಎಮ್ಮಿ ಹಿಂಡಿದ ಕೈ ಊರು ಮುಟ್ಟೋತನಾ ಬೆಚ್ಚಗಿರ್ತಾವ" ಎಂದನು. ಶಾಖವಿಜ್ಞಾನದ ದೃಷ್ಟಿಯಿಂದ ಈ ವಾದ ನಿಲ್ಲಲಾರದು. ಆದರೆ ಹಾಗೆನ್ನುವಾಗ ಅವನ ಎರಡು ಕೈಗಳೂ ಬಿಸಿಯಾದ ಎಂಜಿನ್ನಿನ ಪಕ್ಕದಲ್ಲಿ ಕಾಯುತ್ತಿದ್ದುವೆಂಬುದನ್ನು ಕಂಡು ನಾನು ಸುಮ್ಮನಾದೆನು.

ಆಡಿನ ತೊಗಲಿನ ಜೋಡಿಯನ್ನೇ ಕೊಂಡೆನು. ಅದರ ಪಟ್ಟಿಯನ್ನು ಅಂಗಿಯ ತೋಳಿನ ಮೇಲೆ ಬಿಗಿದರೆ ಗಾಳಿ ಒಳನುಗ್ಗದು. ತೋಳಿನೊಳಗೆ ಸೇರಿಸಿದರೆ ಮೊಳಕೈವರೆಗೂ ಮಂಜು ಹರಿಯುತ್ತದೆ. ಕೊಳ್ಳಬಯಸುವ ಓದುಗರಲ್ಲಿ ಒಂದು ವಿಜ್ಞಾಪನೆ: ದೀಪಾವಳಿಗೂ ಎಳ್ಳಮವಾಸ್ಯೆಗೂ ನಡುವೆ, ಹೊಲದಲ್ಲಿ ಚರಗ ಚೆಲ್ಲುವ ಮೊದಲೇ ಕೊಂಡುಬಿಡಿರಿ. ಸಂಕ್ರಾಂತಿ ಕಳೆಯಿತೋ, ಅಂಗಡಿಯವನು ಅದೇ ಗೂಟಕ್ಕೆ ಬಿಸಿಲಿನ ಟೋಪಿಗಳನ್ನು ಏರಿಸಿಬಿಡುವನು. ಮತ್ತೆ ಕಾರ್ತಿಕದವರೆಗೆ ಕೇಳಿ ಪ್ರಯೋಜನವಿಲ್ಲ.