ಇನ್‌ವರ್ಡ್ ಆಗದ ಫೈಲುಗಳು

ಪ್ರತಿ ಬಡಾವಣೆಯಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ವಾಕಿಂಗ್ ಮುಗಿಸಿ, ಪೇಪರಿನ ಪದಬಂಧ ಮುಗಿಸಿ, ಹತ್ತು ಗಂಟೆಗೆ ಸರಿಯಾಗಿ, ಅಂದರೆ ಸರ್ಕಾರಿ ಕಚೇರಿ ತೆರೆಯಬೇಕಾದ ಹೊತ್ತಿಗೆ, ಮನೆಯ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಇಮೇಲ್ ನೋಡಲಿಕ್ಕಲ್ಲ, ಪ್ರವಚನ ಕೇಳಲಿಕ್ಕೂ ಅಲ್ಲ. ತಪಾಸಣೆಗೆ. ನಿನ್ನೆ ಸಂಜೆ ಇರದಿದ್ದ ಫೈಲು ರಾತ್ರೋರಾತ್ರಿ ಯಾವುದಾದರೂ ಬಂದು ಸೇರಿಕೊಂಡಿದೆಯೇ ಎಂದು ನೋಡಲಿಕ್ಕೆ. ಮೈಸೂರಿನ ನಮ್ಮ ಬೀದಿಯಲ್ಲಿರುವವರನ್ನು ರಾಯರು ಎನ್ನೋಣ. ನಿಮ್ಮ ಬೀದಿಯವರಿಗೆ ಹೆಸರು ನೀವೇ ಹಾಕಿಕೊಳ್ಳಿ.

ರಾಯರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಇನ್‌ವರ್ಡ್ ನಂಬರಿಲ್ಲದ ಕಾಗದವನ್ನು ಮೇಜಿನ ಮೇಲೆ ಇಡಗೊಟ್ಟವರಲ್ಲ. ಇದ್ದ ಕಡತ ಕಾಣೆಯಾಗುವುದು ಅವರಿಗೆ ಹೊಸದಲ್ಲ. ಅದಕ್ಕೆ ಕಾರಣಗಳಿರುತ್ತಿದ್ದವು, ಕೆಲವು ಕಾರಣಗಳಿಗೆ ದರವೂ ಇರುತ್ತಿತ್ತಂತೆ. ಆದರೆ ಯಾರೂ ತೆರೆಯದ ಕಡತ ತಾನೇ ತಾನಾಗಿ ಹುಟ್ಟುವುದನ್ನು ಇಡೀ ಸರ್ವಿಸ್‌ನಲ್ಲಿ ಕಂಡಿರಲಿಲ್ಲ. ಹಾಗಾಗಿ ಕಂಪ್ಯೂಟರಿನ ಪಕ್ಕದಲ್ಲಿ ರಟ್ಟಿನ ಹೊದಿಕೆಯ ಉದ್ದನೆಯ ರಿಜಿಸ್ಟರೊಂದು ಇದೆ. ಕ್ರಮ ಸಂಖ್ಯೆ, ಫೈಲಿನ ಹೆಸರು, ಕಂಡುಬಂದ ದಿನಾಂಕ, ಗಾತ್ರ, ಷರಾ. ಷರಾ ಕಾಲಂನಲ್ಲಿ ಬಹುಪಾಲು ಒಂದೇ ಮಾತು: ‘ಪರಿಶೀಲನೆಯಲ್ಲಿದೆ’.

ಇಷ್ಟಕ್ಕೂ ಮೂಲ ಕಾರಣ ಒಂದು ಸಣ್ಣ ಟಿಕ್ ಗುರುತು. ವಿಂಡೋಸ್ ತನ್ನ ಒಳಗಿನ ಸಂಸಾರದ ಫೈಲುಗಳನ್ನು ಮರೆಮಾಡಿಟ್ಟಿರುತ್ತದೆ. ಅವು ಕಾಣುವಂತೆ ಮಾಡುವುದು ಹೇಗೆಂದು ಯಾರೋ ಪುಣ್ಯಾತ್ಮರು ರಾಯರಿಗೆ ತೋರಿಸಿಕೊಟ್ಟರು. ಬೆಂಗಳೂರಿನಿಂದ ಮಗ ಬಂದಾಗಲೆಲ್ಲ ಮತ್ತೆ ಮರೆಮಾಡಿ ಹೋಗುತ್ತಾನೆ. ಅವನ ಕಾರು ಬೀದಿಯ ತಿರುವು ದಾಟುವ ಮೊದಲೇ ರಾಯರು ಪರದೆ ಸರಿಸಿರುತ್ತಾರೆ.

ಮೊದಲು ಸಿಕ್ಕಿಬಿದ್ದದ್ದು ಡೆಸ್ಕ್‌ಟಾಪ್ ಡಾಟ್ ಐಎನ್‌ಐ. ಒಂದಲ್ಲ, ಎರಡು. ಪರದೆಯ ಮೇಲೆ ಅಕ್ಕಪಕ್ಕ, ಅದೇ ಹೆಸರು, ಅದೇ ಮಂಕು ಬಣ್ಣ.

“ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೈಲು ಇರೋಕೆ ಕಂಪ್ಯೂಟರೇ ಬಿಡಲ್ಲ ಅಂತ ನೀವೇ ಹೇಳಿದ್ರಿ,” ಎಂದು ನನ್ನನ್ನು ಗೇಟಿನ ಬಳಿಯೇ ತಡೆದರು. “ಒಂದು ಸರ್ವೆ ನಂಬರಿಗೆ ಇಬ್ಬರು ಖಾತೆದಾರರು. ಇದು ಖಂಡಿತ ಬೇನಾಮಿ.”

ಒಳಗೆ ಏನಿದೆಯೆಂದು ನೋಟ್‌ಪ್ಯಾಡಿನಲ್ಲಿ ಬಿಚ್ಚಿ ನೋಡಿದ್ದೂ ಆಗಿತ್ತು. ಅರ್ಥವಾಗದ ಒಂದೆರಡು ಸಾಲು, ಕೊನೆಗೆ ಮೈನಸ್ ಗುರುತು ಹಾಕಿ ಐದಂಕಿಯ ಒಂದು ಸಂಖ್ಯೆ. “ಮೈನಸ್ ಅಂದ್ಮೇಲೆ ಯಾರದೋ ಖಾತೆಯಿಂದ ಹೋಗಿದೆ ಅಂತಾಯ್ತಲ್ಲ? ನನ್ನದೋ, ಇವಳದೋ?”

ಪರದೆಯ ಮೇಲೆ ನಾವು ನೋಡುವುದು ಒಂದು ಜಾಗವಲ್ಲ, ಎರಡು. ರಾಯರ ಸ್ವಂತ ಡೆಸ್ಕ್‌ಟಾಪ್ ಒಂದು, ಆ ಕಂಪ್ಯೂಟರ್ ಬಳಸುವ ಎಲ್ಲರಿಗೂ ಸಾಮಾನ್ಯವಾದದ್ದು ಇನ್ನೊಂದು. ವಿಂಡೋಸ್ ಎರಡನ್ನೂ ಸೇರಿಸಿ ತೋರಿಸುತ್ತದೆ. ಫೋಲ್ಡರಿನ ಹೆಸರು, ಚಿತ್ರ ಹೇಗೆ ಕಾಣಬೇಕೆಂಬ ಸೂಚನೆ ಆ ಫೈಲಿನಲ್ಲಿರುತ್ತದೆ. ಆ ಸಂಖ್ಯೆ ಹೆಸರನ್ನು ಎಲ್ಲಿಂದ ತೆಗೆದುಕೊಳ್ಳಬೇಕೆಂಬ ಗುರುತು, ಅಷ್ಟೇ. ಇದನ್ನೆಲ್ಲ ವಿವರಿಸಿದೆ. ರಾಯರು ತಾಳ್ಮೆಯಿಂದ ಕೇಳಿ, “ಅಂದರೆ ಒಂದು ಸ್ವಂತ ಹಿಡುವಳಿ, ಒಂದು ಗೋಮಾಳ,” ಎಂದರು. ಇದಕ್ಕಿಂತ ಚೆನ್ನಾಗಿ ಯಾವ ಕಂಪ್ಯೂಟರ್ ಮೇಷ್ಟ್ರೂ ಹೇಳಲಾರರು.

ವರ್ಡ್ ಫೈಲು ತೆರೆದಾಗ ಅದರ ಪಕ್ಕದಲ್ಲೇ ಅಲೆಗೆರೆ, ಡಾಲರ್ ಗುರುತು ಹೊತ್ತ ಪುಟ್ಟ ಮರಿಯೊಂದು ಹುಟ್ಟುತ್ತದಲ್ಲ, ಅದರ ವಿಚಾರಣೆ ಮಾತ್ರ ಸುಖಾಂತವಾಯಿತು. ಡಾಲರ್ ಕಂಡಾಗ ರಾಯರು ವಿದೇಶಿ ಕೈವಾಡವನ್ನೇ ಶಂಕಿಸಿದ್ದರು. ಈ ಫೈಲನ್ನು ಸದ್ಯ ಯಾರು ತೆರೆದು ಕೂತಿದ್ದಾರೆ ಎಂದು ವರ್ಡ್ ಬರೆದಿಡುವ ಚೀಟಿ ಅದು, ಮುಚ್ಚಿದ ತಕ್ಷಣ ಮಾಯವಾಗುತ್ತದೆ, ಕರೆಂಟ್ ಹೋಗಿಯೋ ಏನೋ ಕಂಪ್ಯೂಟರ್ ಅರ್ಧಕ್ಕೆ ಆರಿಹೋದರೆ ಮಾತ್ರ ಅನಾಥವಾಗಿ ಉಳಿಯುತ್ತದೆ ಎಂದು ಗೊತ್ತಾದಾಗ ಅವರ ಮುಖ ಅರಳಿತು. “ಕಡತ ಯಾರ ಮೇಜಿನ ಮೇಲಿದೆ ಅಂತ ಹೇಳೋ ಚೀಟಿ! ಇದು ನಮ್ಮ ಕಚೇರಿಯಲ್ಲಿ ಇದ್ದಿದ್ದರೆ…” ಎಂದು ಮಾತು ನಿಲ್ಲಿಸಿದರು. ಇದ್ದಿದ್ದರೆ ಏನಾಗುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು.

ಅವರ ಪೂರ್ವಾಶ್ರಮದಲ್ಲಿ ಒಂದು ಹತ್ಯೆಯೂ ಇದೆ. 2002ರಲ್ಲಿ ಲೋಕದ ತುಂಬ ಒಂದು ಇಮೇಲ್ ಓಡಾಡಿತು: ಪುಟ್ಟ ಕರಡಿಮರಿಯ ಚಿತ್ರವಿರುವ ಒಂದು ಫೈಲು ನಿಮ್ಮ ಕಂಪ್ಯೂಟರಿನಲ್ಲಿದ್ದರೆ ಅದು ವೈರಸ್, ಕೂಡಲೇ ಅಳಿಸಿ, ಎಲ್ಲರಿಗೂ ತಿಳಿಸಿ. ಕರಡಿ ನಿಜವಾಗಿಯೂ ಇತ್ತು, ಏಕೆಂದರೆ ಅದು ವಿಂಡೋಸ್ ಜೊತೆಗೇ ಬಂದ ಸಾಚಾ ಫೈಲು. ಸುಳ್ಳಾಗಿದ್ದದ್ದು ಇಮೇಲು. ರಾಯರು ಅಳಿಸಿದರು, ನಂತರ ಸುತ್ತಮುತ್ತಲ ಮನೆಗಳಿಗೂ ಖುದ್ದಾಗಿ ಹೋಗಿ ಅಳಿಸಿಕೊಟ್ಟರು. ಆ ಫೈಲಿನ ಕೆಲಸ ಜಾವಾ ಬರೆಯುವವರಿಗೆ ಮಾತ್ರ ಬೇಕಾದದ್ದು. ನಮ್ಮ ಬೀದಿಯಲ್ಲಿ ಜಾವಾ ಬರೆಯುವವರು ಯಾರೂ ಇರಲಿಲ್ಲವಾದ್ದರಿಂದ ರಾಯರ ಕೀರ್ತಿಗೆ ಕುಂದು ಬರಲಿಲ್ಲ.

ಹಾಗೆಂದು ರಾಯರನ್ನು ನಗೆಪಾಟಲಿಗೆ ಈಡುಮಾಡುವುದು ಅನ್ಯಾಯ. ಒಮ್ಮೆ ಅವರು ನಿಜವಾದ ಕಳ್ಳನನ್ನೇ ಹಿಡಿದಿದ್ದಾರೆ. ಪಕ್ಕದ ಮನೆಯ ಹುಡುಗಿ ಹಾಲ್ ಟಿಕೆಟ್ ಪ್ರಿಂಟ್ ಹಾಕಿಸಲು ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗಿ ಬಂದಿದ್ದಳು. ವಾಪಸು ಬಂದಾಗ ಅದರಲ್ಲಿ ‘ನ್ಯೂ ಫೋಲ್ಡರ್’ ಎಂಬ ಹಳದಿ ಫೋಲ್ಡರೊಂದು ಕೂತಿತ್ತು. ಅವಳು ಕ್ಲಿಕ್ ಮಾಡಲು ಬೆರಳೆತ್ತಿದ್ದಳು. “ನಿಲ್ಲಮ್ಮ!” ರಾಯರ ದನಿ ಅಡುಗೆಮನೆಯವರೆಗೂ ಕೇಳಿಸಿತು. “ಫೋಲ್ಡರ್ ಅಂತೀಯ, ಪಕ್ಕದ ಕಾಲಂನಲ್ಲಿ ಅಪ್ಲಿಕೇಶನ್ ಅಂತ ಯಾಕಿದೆ? ಖಾಲಿ ಕಡತಕ್ಕೆ ಇಷ್ಟು ಗಾತ್ರ ಎಲ್ಲಿಂದ ಬಂತು?”

ಒಂದು ಕಾಲದಲ್ಲಿ ಪೆನ್‌ಡ್ರೈವ್‌ಗಳ ಮೂಲಕ ಊರೂರು ಸುತ್ತಿದ ವೈರಸ್ಸಿನ ವೇಷವೇ ಇದು. ಹೆಸರಿನ ಕೊನೆಯ ಮೂರಕ್ಷರವನ್ನು ವಿಂಡೋಸ್ ತಾನಾಗಿಯೇ ಮುಚ್ಚಿಡುತ್ತದೆ. ಹಾಗಾಗಿ ‘ಇಎಕ್ಸ್‌ಇ’ ಎಂಬ ಬಾಲ ಕಾಣದೆ, ಫೋಲ್ಡರಿನ ಚಿತ್ರ ಮಾತ್ರ ಕಾಣುತ್ತದೆ. 2000ದ ಮೇ ತಿಂಗಳಲ್ಲಿ ಜಗತ್ತಿನ ತುಂಬ ಹಬ್ಬಿದ ‘ಐ ಲವ್ ಯೂ’ ವೈರಸ್ಸೂ ಪ್ರೇಮಪತ್ರದ ವೇಷದಲ್ಲಿ ಬಾಲ ಮುಚ್ಚಿಕೊಂಡೇ ಬಂದದ್ದು. ಮುಖ ನೋಡಬೇಡ, ಕಾಲಂ ನೋಡು ಎಂಬ ರಾಯರ ಪಾಠ ಅಂದು ಫಲಿಸಿತು. ಅರ್ಜಿದಾರನ ಮುಖ ನೋಡದೆಯೇ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಅದು ಕಷ್ಟವೇನಲ್ಲ.

ನುಡಿ ಫೈಲಿನ ಪ್ರಕರಣವನ್ನು ರಾಯರ ಎದುರು ಎತ್ತುವ ಹಾಗಿಲ್ಲ. ಡಿ ಡ್ರೈವಿನ ಮೂಲೆಯಲ್ಲಿ ಸಿಕ್ಕಿದ್ದು. ತೆರೆದರೆ ಪುಟದ ತುಂಬ ಪೌಂಡ್ ಗುರುತು, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’ಗಳು. ಗೂಢಲಿಪಿ, ಸೈಬರ್ ಠಾಣೆಗೆ ಕೊಡಬೇಕು ಎಂದು ದೂರನ್ನೂ ಬರೆದಿಟ್ಟಿದ್ದರು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದಿದ್ದರೆ ಹೀಗೇ ಕಾಣುವುದು. ಮಗ ಫಾಂಟ್ ಬದಲಿಸಿದ. ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗಿ, ಚರಂಡಿ ಕಟ್ಟಿಕೊಂಡ ಬಗ್ಗೆ, ರಾಯರ ಸಹಿಯೊಂದಿಗೆ ಮುಗಿಯಿತು. ಚರಂಡಿ ಈಗಲೂ ಹಾಗೇ ಇದೆ.

2025ರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಫೋನ್ ಬಂತು. “ಬೇಗ ಬನ್ನಿ. ಸಿ ಡ್ರೈವಿನಲ್ಲಿ ಒಬ್ಬ ಹೊಸಬ.”

ಹೆಸರು ಐನೆಟ್‌ಪಬ್. ಒಳಗೆ ಏನೂ ಇಲ್ಲ. ಗಾತ್ರ ಸೊನ್ನೆ. ರಾಯರ ಬೆರಳು ಡಿಲೀಟ್ ಗುಂಡಿಯ ಮೇಲಿತ್ತು.

ಆ ತಿಂಗಳ ವಿಂಡೋಸ್ ಅಪ್‌ಡೇಟ್ ಜೊತೆ ಎಷ್ಟೋ ಜನರ ಕಂಪ್ಯೂಟರಿನಲ್ಲಿ ಅದು ಪ್ರತ್ಯಕ್ಷವಾಗಿತ್ತು. ಸಾಮಾನ್ಯವಾಗಿ ವೆಬ್ ಸರ್ವರ್ ನಡೆಸುವವರ ಬಳಿ ಇರುವ ಫೋಲ್ಡರು. ಆದರೆ ನೀವು ಸರ್ವರ್ ನಡೆಸಿ, ಬಿಡಿ, ಇದನ್ನು ಅಳಿಸಬೇಡಿ, ಇದು ಭದ್ರತೆಯ ಒಂದು ದೋಷಕ್ಕೆ ಮಾಡಿದ ಪರಿಹಾರದ ಭಾಗ ಎಂದು ಮೈಕ್ರೋಸಾಫ್ಟ್ ತಿಳಿಸಿತ್ತು. ನಾನು ಹಾಗೆಯೇ ಹೇಳಿದೆ.

ರಾಯರು ಕನ್ನಡಕ ತೆಗೆದರು. “ಒಳಗೆ ಏನೂ ಇಲ್ಲ.”

“ಇಲ್ಲ.”

“ಯಾರೂ ತೆರೆಯೋದಿಲ್ಲ. ಆದರೆ ವಿಲೇವಾರಿ ಮಾಡೋ ಹಾಗಿಲ್ಲ.”

“ಹೌದು ಸಾರ್.”

ಅವರು ರಿಜಿಸ್ಟರ್ ಎಳೆದುಕೊಂಡು ‘ಎ ವರ್ಗ. ಶಾಶ್ವತವಾಗಿ ಕಾಪಾಡತಕ್ಕದ್ದು’ ಎಂದು ಬರೆದು, ಕೆಳಗೆ ಗೆರೆ ಎಳೆದು, ಚಿಕ್ಕ ಸಹಿ ಹಾಕಿದರು. ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಹಿಂದೆ ಕಂಡಿರಲಿಲ್ಲ. “ಆ ಕಂಪನಿಯಲ್ಲಿ ನಮ್ಮ ಇಲಾಖೆಯವರು ಯಾರೋ ಇದ್ದಾರೆ ಕಣ್ರೀ,” ಎಂದರು.

ಕಾಫಿ ಲೋಟ ಇಡಲು ಬಂದ ಅವರ ಮನೆಯವರು ಪರದೆಯನ್ನೂ ರಿಜಿಸ್ಟರನ್ನೂ ಒಮ್ಮೆ ನೋಡಿದರು. “ಹಾಗಾದ್ರೆ ರೀ, ಅಟ್ಟದ ಮೇಲಿರೋ ನನ್ನ ಖಾಲಿ ಹಾರ್ಲಿಕ್ಸ್ ಬಾಟ್ಲಿಗಳನ್ನೂ ಇವತ್ತೇ ಎ ವರ್ಗಕ್ಕೆ ಸೇರಿಸಿಬಿಡಿ. ಇನ್ಮೇಲೆ ಗುಜರಿಯವನನ್ನ ಕರೀತೀನಿ ಅಂತ ಹೆದರಿಸಬೇಡಿ.”