ಹೆಜ್ಜೆಗೊಂದು ಪಾಯಿಂಟು

ಏಜೆಂಟ್: ನಮ್ಮ ಕಂಪನಿ ಈಗ ಕಾಯಿಲೆ ಬಂದ್ಮೇಲೆ ದುಡ್ಡು ಕೊಡೋದಷ್ಟೇ ಅಲ್ಲ ಸಾರ್, ಕಾಯಿಲೆಯೇ ಬರದಂಗೆ ನೋಡ್ಕೊಳ್ಳುತ್ತೆ! ದಿನಾ 10,000 ಹೆಜ್ಜೆ ಹಾಕಿ, ಹೆಜ್ಜೆಗೆ ಪಾಯಿಂಟು, ಪಾಯಿಂಟಿಗೆ ಪ್ರೀಮಿಯಂ ರಿಯಾಯಿತಿ.

ರಾಯರು: ಸಂತೋಷ ಕಣಪ್ಪಾ. ನನಗೆ ಸಕ್ಕರೆ ಕಾಯಿಲೆ. ತಿಂಗಳ ಮಾತ್ರೆಗೆ ಏನಾದ್ರೂ ಕೊಡ್ತೀರಾ?

ಏಜೆಂಟ್: ಅದು ಓಪಿಡಿ ಸಾರ್. ಈ ಪಾಲಿಸೀಲಿ ಬರಲ್ಲ.

ರಾಯರು: ಪಥ್ಯ ಹೇಳೋ ಡಾಕ್ಟರ ಫೀಸು?

ಏಜೆಂಟ್: ಆ್ಯಪ್‌ನಲ್ಲಿ ವಿಡಿಯೋ ಇದೆ. ಸಿರಿಧಾನ್ಯದ್ದು.

ರಾಯರು: ಮಾತ್ರೆ ಬಿಟ್ಟು, ಕಾಲು ಕೊಳೆತು ಹೋದ್ರೆ?

ಏಜೆಂಟ್: (ಮುಖ ಅರಳಿಸಿ) 24 ಗಂಟೆ ಅಡ್ಮಿಟ್ ಆಗಿ ಸಾಕು, ಕಾಲು ಕತ್ತರಿಸೋ ಖರ್ಚು ನಮ್ದು! ಆದ್ರೆ ಮೊದಲಿಂದ ಇದ್ದ ಕಾಯಿಲೆ ಅಲ್ವಾ, 36 ತಿಂಗಳು ಕಾಯ್ಬೇಕು.

(ಈ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ 48 ತಿಂಗಳಿಂದ ಇಳಿಸಿದೆ. ಕಾಲಿಗೆ ಸುತ್ತೋಲೆ ತಲುಪಿದಂತಿಲ್ಲ.)

ರಾಯರು: ಕಾಯೋದು ಯಾರು, ನಾನೋ ಕಾಲೋ?

ಏಜೆಂಟ್: ಇಬ್ರೂ ಸಾರ್.

ರಾಯರು: ಆಮೇಲೆ ಒಂದೇ ಕಾಲಲ್ಲಿ 10,000 ಹೆಜ್ಜೆ?

ಏಜೆಂಟ್: ಕುಂಟಿದ್ರೂ ಆ್ಯಪ್ ಎಣಿಸುತ್ತೆ ಸಾರ್, ಭೇದಭಾವ ಇಲ್ಲ.

ರಾಯರು ಪ್ರೀಮಿಯಂ ಕಟ್ಟಿದರು. ಆಸ್ಪತ್ರೆ ಬಿಲ್ಲಿನ ಭಯ ಯಾರನ್ನು ಬಿಟ್ಟಿದೆ? ಮಾರನೆಯ ಬೆಳಿಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಡೆದರು. ಸಕ್ಕರೆ ಪರೀಕ್ಷೆಯೂ ಮಾತ್ರೆಯೂ ಅಲ್ಲಿ ಉಚಿತ.